ಅರ್ಧ ಮುಖದ ಬೆವರು

ಆಲೂರು ಕಡೆ ಒಂದು ಬೀಗರೂಟ. ಹಂದಿ ಸಾರಿಗೆ ಖಾರ ಸುರಿದಿದ್ದ ರೀತಿಗೆ ಪಂಕ್ತಿಯಲ್ಲಿ ಕೂತವರೆಲ್ಲ ಹೆಗಲ ಮೇಲಿನ ಟವಲ್ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದರು.

ಎದುರಿಗೆ ಕೂತಿದ್ದ ಭಾಮೈದ ರಾಜಣ್ಣ ಮೂಳೆ ಚೀಪುವುದು ಬಿಟ್ಟು ನನ್ನನ್ನೇ ನೋಡತೊಡಗಿದ.

"ಏನ್ ಭಾವ, ಅರ್ಧ ಮುಖಕ್ಕೆ ಮಾತ್ರ ಖಾರ ಹತ್ತೈತಾ?"

ಮುಟ್ಟಿ ನೋಡಿಕೊಂಡೆ. ಬಲಗೆನ್ನೆಯಲ್ಲಿ ನೀರು ಇಳಿಯುತ್ತಿದೆ, ಎಡಗೆನ್ನೆ ಒಣ ಒಣ... ಮೂಗಿನ ಮೇಲೆ ಯಾರೋ ಗೆರೆ ಎಳೆದು ಪಾಲು ಮಾಡಿದ ಹಾಗೆ.

ನಾನು ಸುಮ್ಮನಿರುವ ಆಸಾಮಿಯೇ? ಜೀರಿಗೆ ಮೆಣಸಿನಕಾಯಿ ತರಿಸಿ ಎಲ್ಲರೆದುರು ಅಗಿದೆ. ಪಂಕ್ತಿಗೆ ಪಂಕ್ತಿಯೇ ಎದ್ದು ಬಂದು ನೋಡಿತು. ಆಲೂರು, ಸಕಲೇಶಪುರ ಎರಡೂ ತಾಲ್ಲೂಕು ಸೇರಿಸಿದರೂ ಇಂಥ ಮುಖ ಇನ್ನೊಂದು ಸಿಗಲಾರದು ಎಂದು ಮೆರೆದುಬಿಟ್ಟೆ.

ನಗದೇ ಇದ್ದವಳು ನನ್ನ ಹೆಂಡತಿ ಜಯ ಒಬ್ಬಳೇ. ಅವಳು ನೋಡುತ್ತಿದ್ದುದು ಬೆವರನ್ನಲ್ಲ, ಕಣ್ಣನ್ನು.

"ಎಡಗಣ್ ರೆಪ್ಪೆ ಇಳಿದೈತೆ ಕಣ್ರೀ. ಮೆಣಸು ಕುಯ್ಲಾದಾಗಿಂದ ನೋಡ್ತಾನೇ ಇವ್ನಿ."

"ಕಣ್ ಹೊಡ್ದೂ ಹೊಡ್ದೂ ಸುಸ್ತಾಗೈತೆ ಬುಡು" ಎಂದೆ. ಅದಕ್ಕೂ ನಗಲಿಲ್ಲ.

ಮಾರನೆಯ ದಿನವೇ ಯಸಳೂರಿನಿಂದ ಸಕಲೇಶಪುರದ ಬಸ್ಸು ಹತ್ತಿಸಿದಳು. ಮೊಬೈಲ್ ಇನ್ನೂ ನಮ್ಮ ಕಡೆ ಮುಖ ಹಾಕದಿದ್ದ ಕಾಲ ಅದು.

ಆಸ್ಪತ್ರೆಯಲ್ಲಿ ಜಯ ಹೊರಗೆ ಬೆಂಚಿನ ಮೇಲೆ ಕೂತಳು. ಒಳಗೆ ಡಾಕ್ಟರು ಕಿಟಕಿ ಮುಚ್ಚಿ ಕತ್ತಲೆ ಮಾಡಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರು. ಕತ್ತಲಲ್ಲಿ ಬಲಗಣ್ಣಿನ ಪಾಪೆ ಅಗಲವಾಯಿತಂತೆ. ಎಡಗಣ್ಣಿನದು ಚಿಕ್ಕದಾಗಿಯೇ ಕೂತಿತ್ತಂತೆ.

ಎಡಗೈಯ ಕಿರುಬೆರಳು ಜೋಮು ಹಿಡಿದಿದೆ ಎಂದೂ ಹೇಳಿದೆ.

"ಮರ ಗಿರದಿಂದ ಬಿದ್ದಿದ್ರಾ?"

"ನಾನಾ? ಹುಟ್ದಾಗಿಂದ ಮರದಿಂದ ಬಿದ್ದೋನೇ ಅಲ್ಲ ಸಾರ್. ಯಸಳೂರು ಹೋಬಳೀಲಿ ಯಾರನ್ನಾರ ಕೇಳಿ."

"ಬೀಡಿ?"

"ಅದು ಐತೆ."

ಅವರ ಮುಖ ಬದಲಾಯಿತು. ಹಾಸನಕ್ಕೆ ಹೋಗಿ ಎದೆಯ ಎಕ್ಸ್-ರೇ ತೆಗೆಸಿಕೊಂಡು ಬನ್ನಿ ಎಂದರು.

ಇಳಿದಿರುವುದು ರೆಪ್ಪೆ, ಫೋಟೋ ಎದೆಗೆ? ಕೇಳಿಯೇ ಬಿಟ್ಟೆ.

"ಯಸಳೂರಿಂದ ಬಾಳ್ಳುಪೇಟೆಗೆ ಹೇಗೆ ಹೋಗ್ತೀರಿ?"

"ಸಕಲೇಶಪುರದಲ್ಲಿಳಿದು ಬೇರೆ ಬಸ್ ಹತ್ತಿ."

"ಇದೂ ಹಾಗೇ."

ಕಣ್ಣಿಗೆ ಬರುವ ಈ ನರ ಮೆದುಳಿನಿಂದ ನೇರ ಬರುವುದಿಲ್ಲವಂತೆ. ಬೆನ್ನುಹುರಿಯೊಳಗೆ ಎದೆಯ ಮಟ್ಟಕ್ಕೆ ಇಳಿಯುತ್ತದೆ. ಅಲ್ಲಿ ಒಂದು ಬಸ್ಸು ಬದಲು. ಹೊರಗೆ ಬಂದು ಶ್ವಾಸಕೋಶದ ನೆತ್ತಿ ಸವರಿಕೊಂಡು ಕುತ್ತಿಗೆ ಹತ್ತುತ್ತದೆ.

ದವಡೆಯ ಹತ್ತಿರ ನರದ ಗಂಟೊಂದಿದೆ. ಅಲ್ಲಿ ಇನ್ನೊಂದು ಬಸ್ಸು. ಅಲ್ಲಿಂದ ರಕ್ತನಾಳಗಳ ಜೊತೆಗೂಡಿ ಮೇಲೆ ಹೋಗಿ ಪಾಪೆ ಅಗಲ ಮಾಡುತ್ತದೆ, ರೆಪ್ಪೆ ಎತ್ತಲು ಕೈಜೋಡಿಸುತ್ತದೆ, ಕೆನ್ನೆ ಬೆವರಿಸುತ್ತದೆ. ನಮ್ಮನ್ನು ಒಂದು ಮಾತೂ ಕೇಳದೆ ತಮ್ಮಷ್ಟಕ್ಕೆ ದುಡಿಯುವ ಇಂಥ ನರಗಳಿಗೆಲ್ಲ ಸೇರಿ ಸ್ವಾಯತ್ತ ನರಮಂಡಲ ಅಂತ ಹೆಸರಂತೆ.

"ದಾರಿಯಲ್ಲಿ ಎಲ್ಲೋ ಗುಡ್ಡ ಕುಸಿದಿದೆ. ಶ್ವಾಸಕೋಶದ ತುದಿಯಲ್ಲಿ ಗೆಡ್ಡೆ ಇದ್ದರೂ ಹೀಗಾಗುತ್ತೆ. ನೋಡಿಬಿಡೋಣ."

ಗೆಡ್ಡೆ... ಆ ಮಾತು ಹೊತ್ತುಕೊಂಡು ಹೊರಗೆ ಬಂದೆ.

ಹಾಸನದ ಬಸ್ಸಿನಲ್ಲಿ ಜಯ ಪಕ್ಕದಲ್ಲಿದ್ದರೂ ಕೂರಲು ಆಗುತ್ತಿಲ್ಲ. ಬಾಳ್ಳುಪೇಟೆಯಲ್ಲಿ ನಿಂತಾಗ ಇಳಿದೆ, ಬೀಡಿ ಹಚ್ಚಿದೆ, ಎಸೆದೆ, ಹತ್ತಿದೆ, ಮತ್ತೆ ಇಳಿದೆ.

"ಬತ್ತೀಯೋ, ಇಲ್ಲೇ ಇತ್ತೀಯೋ ಮಾರಾಯ?" ಎಂದ ಕಂಡಕ್ಟರ್.

ಎಕ್ಸ್-ರೇ ಆಯಿತು. ಫಿಲ್ಮ್ ಸಂಜೆಗೆ ಸಿಗುತ್ತದೆ ಎಂದರು. ಕಾಯುತ್ತ ಆ ಉದ್ದದ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೇನೆ. ಬಾಯಿ ಒಣಗಿದೆ, ಎದೆ ಹೊಡೆದುಕೊಳ್ಳುತ್ತಿದೆ, ಅಂಗೈ ಒದ್ದೆ.

ಸುಮ್ಮನಿರು ಎಂದರೆ ಒಂದೂ ಕೇಳುವುದಿಲ್ಲ. ಇಷ್ಟು ವರ್ಷ ಈ ಮೈಗೆ ನಾನೇ ಯಜಮಾನ ಅಂದುಕೊಂಡಿದ್ದೆ.

ಮರುದಿನ ಸಕಲೇಶಪುರದಲ್ಲಿ ಜಯಳೂ ನನ್ನ ಜೊತೆ ಒಳಗೆ ಬಂದಳು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ಹಿಡಿದರು.

"ಕ್ಲೀನಾಗಿದೆ. ಆದ್ರೆ ಕಾರಣ ಸಿಗ್ತಿಲ್ಲ, ಅದೇ ಯೋಚನೆ. ಬೆಂಗಳೂರಿಗೆ ಹೋಗಿ ದೊಡ್ಡ ಸ್ಕ್ಯಾನ್ ಮಾಡಿಸ್ಬೇಕು. ನಿಜವಾಗ್ಲೂ ಮರದಿಂದ ಬಿದ್ದಿಲ್ವಾ?"

"ಬಿದ್ದಿಲ್ಲ ಸಾರ್."

"ಬೀಳ್ಲಿಲ್ಲ, ಅದು ದಿಟ" ಎಂದಳು ಜಯ. "ಮೆಣಸು ಕುಯ್ಯುವಾಗ ಏಣಿ ಜಾರೋಯ್ತು. ಇವ್ರು ಕೊಂಬೆ ಹಿಡ್ಕಂಡು ಎಡಗೈಲೇ ನೇತಾಡ್ತಿದ್ರು. ನಾವು ಏಣಿ ತಂದು ಇಕ್ಕೋಗಂಟ ಕೆಳಗಿದ್ದೋರ್ನ ತಮಾಷೆ ಬೇರೆ ಮಾಡ್ತಿದ್ರು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅವಳು ಹೇಳಿದ್ದೆಲ್ಲ ನಿಜ. ಮೆಣಸಿನ ಬಳ್ಳಿ ಹಬ್ಬಿಸಿದ್ದ ಹಲಸಿನ ಮರ, ಒಳ್ಳೆ ಎತ್ತರ, ಕೆಳಗೆ ಆಳುಗಳ ಕೂಗಾಟ. ನಾನು ಕೈ ಬಿಡಲಿಲ್ಲ. ಆ ಸಾಹಸವನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಡಾಕ್ಟರಿಗೆ ಮಾತ್ರ ಹೇಳಿರಲಿಲ್ಲ, ಯಾಕೆಂದರೆ ನನ್ನ ಲೆಕ್ಕದಲ್ಲಿ ಅದು ಏಟಲ್ಲ, ಗೆಲುವು.

ಮೈಯ ಭಾರವೆಲ್ಲ ಒಂದೇ ತೋಳಿಗೆ ಬಿದ್ದು ಕುತ್ತಿಗೆಯ ಬುಡದಲ್ಲಿ ನರದ ಬೇರು ಜಗ್ಗಿಹೋಗಿತ್ತಂತೆ. ಕಿರುಬೆರಳಿಗೆ ಹೋಗುವ ನರವೂ ಕಣ್ಣಿಗೆ ಹೋಗುವ ನರವೂ ಬೆನ್ನೆಲುಬಿನಿಂದ ಹೊರಡುವುದು ಅದೇ ಬಾಗಿಲಲ್ಲಿ.

"ಬಿದ್ದಿದ್ರೆ ಕಾಲು ಮುರೀತಿತ್ತು, ಕೂಡ್ಕೊಳ್ತಿತ್ತು. ಈ ರೆಪ್ಪೆ ಮೇಲೇಳೋದು ಅನುಮಾನ" ಎಂದರು. ಬೆಂಗಳೂರಿನ ಮಾತು ಅಲ್ಲಿಗೇ ನಿಂತಿತು.

ಹೊರಗೆ ಬಂದು ಜಯ ಮೆಟ್ಟಿಲ ಮೇಲೆ ಕೂತು ಅತ್ತಳು. ಆಮೇಲೆ ಬಸ್ ಸ್ಟ್ಯಾಂಡ್ ತಲುಪುವವರೆಗೂ ಬೈದಳು. ಬೈಗುಳ ಅಷ್ಟು ಸಿಹಿಯಾಗಿ ಯಾವತ್ತೂ ಕೇಳಿಸಿರಲಿಲ್ಲ.

ಬೆರಳಿನ ಜೋಮು ನಿಧಾನಕ್ಕೆ ಬಿಟ್ಟಿತು. ರೆಪ್ಪೆ ಡಾಕ್ಟರು ಹೇಳಿದಂತೆ ಅಲ್ಲೇ ನಿಂತಿದೆ.

ನಿಜ ಹೇಳಿ... ಕಾಲ ಕೆಳಗಿನ ಏಣಿ ಹೋಗಿ ಕೈಗೊಂದು ಕೊಂಬೆ ಸಿಕ್ಕಿದ್ದರೆ, ನೀವು ಬಿಡುತ್ತಿದ್ದಿರಾ?