ಹೆಸರಿನ ಮೇಲೊಂದು ಪ್ಲಾಸ್ಟರ್

ನಮ್ಮ ಆಸ್ಪತ್ರೆಯ ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರು ಸರಳಾ ಮೇಡಂ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸುವ ಮೊದಲು, ಮೂಲೆಯಲ್ಲಿದ್ದ ರೋಗಿಯ ಹೆಸರಿನ ಮೇಲೆ ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ತುಂಡೊಂದನ್ನು ಅಂಟಿಸುತ್ತಿದ್ದರು. ಅವರು ವರದಿ ಬರೆದಾದ ಮೇಲೆ ಅದನ್ನು ಕಿತ್ತು ಹೆಸರು ತುಂಬಿಸುವುದು ಟೆಕ್ನೀಷಿಯನ್ ಆದ ನನ್ನ ಪಾಡು. ಗೊಣಗಿದರೆ, "ಹೆಸರು ಕಂಡ್ರೆ ಕಣ್ಣು ಒಂದ್ಕಡೆ ವಾಲುತ್ತೆ ತಮ್ಮಾ. ಸಾಹುಕಾರ್ರ ಮನೇದು, ಕೂಲಿಯೋರ್ದು ಅಂತ ಗೊತ್ತಾಗ್ಬಿಡುತ್ತೆ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆ. ವೈಟ್‌ಫೀಲ್ಡಿನ ಸುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದವು. ದಾವಣಗೆರೆಯ ಮೇಡಂಗೆ ಇಲ್ಲಿನ ಮಂಡಕ್ಕಿ ಹಿಡಿಸದು. ಊರಿನಿಂದ ತರಿಸಿದ ಡಬ್ಬಿ ಮೇಜಿನ ಕೆಳಗೇ ಇರುತ್ತಿತ್ತು. ನಾವು ಎಣ್ಣೆಗೈಯಲ್ಲಿ ಫಿಲ್ಮ್ ಮುಟ್ಟಿದರೆ ಬೈಗುಳ. ಅವರದೇ ಬೆರಳಿನ ಗುರುತಾದರೆ ಯಾರೂ ಕೇಳುವ ಹಾಗಿರಲಿಲ್ಲ.

ಹಸುಗೂಸುಗಳ ತಲೆಯ ಫಿಲ್ಮ್ ಬಂದಾಗ ಮಾತ್ರ ಡಬ್ಬಿ ಮುಚ್ಚುತ್ತಿತ್ತು. ಒಮ್ಮೆ ಬ್ರೂಕ್‌ಫೀಲ್ಡಿನ ಸಾಹುಕಾರರ ಮನೆಯ ಮಗುವೊಂದು ಸೋಫಾದಿಂದ ಬಿತ್ತೆಂದು ಕರೆತಂದರು. ಮಿದುಳಿನ ಸುತ್ತ ಹಳೆಯ ರಕ್ತ, ಹೊಸ ರಕ್ತ. ಎಕ್ಸ್‌ರೇಯಲ್ಲಿ ಮುರಿದು ಕೂಡುತ್ತಿದ್ದ ಪಕ್ಕೆಲುಬುಗಳು. ಇದು ಒಂದು ಸಲ ಬಿದ್ದು ಆದದ್ದಲ್ಲ, ಯಾರೋ ಮಗುವನ್ನು ಬಲವಾಗಿ ಕುಲುಕಿರಬೇಕು ಎಂದು ಮೇಡಂ ಬರೆದರು. ಮನೆಯವರು ಬಂದು ಕೂಗಾಡಿದರೂ ಒಂದಕ್ಷರ ಬದಲಾಗಲಿಲ್ಲ. ಮಗು ಅಜ್ಜಿಯ ಆರೈಕೆಗೆ ಹೋಯಿತು, ಚೇತರಿಸಿಕೊಂಡಿತು.

ಸ್ವಲ್ಪ ದಿನಕ್ಕೆ ಕಾಡುಗೋಡಿಯಿಂದ ಇನ್ನೊಂದು ಕೂಸು ಬಂತು. ಅದರ ತಲೆಯೊಳಗೂ ರಕ್ತ. ತಂದೆ ರಾಯಚೂರು ಕಡೆಯವನು, ಗಾರೆ ಕೆಲಸ. ಅವನು ಮಗುವನ್ನು ಅಲ್ಲಾಡಿಸುತ್ತಿದ್ದುದನ್ನು ನೆರೆಯವರು ಕಂಡಿದ್ದರಂತೆ; ಜೊತೆಯಲ್ಲೇ ಪೊಲೀಸರಿದ್ದರು. ಅವನು ಮುಚ್ಚಿಡಲಿಲ್ಲ. "ಹೌದ್ರೀ, ಅಲ್ಲಾಡಿಸೀನಿ. ಕೂಸು ಉಸಿರಾಡವಲ್ದಾಗಿತ್ರೀ, ಎಬ್ಬಿಸಾಕ ಹೋದೆ."

"ಅವ್ನೇ ಒಪ್ಕೊಂಡ್ನಲ್ಲ ಮೇಡಂ, ಬರ್ದ್ಬಿಡಿ" ಎಂದರು ಇನ್ಸ್‌ಪೆಕ್ಟರು. ಕುಲುಕಿದ್ದರಿಂದಲೇ ಆದದ್ದು ಎಂಬ ಒಂದು ಸಾಲು ಬಿದ್ದರೆ ಅವನು ಅಲ್ಲಿಂದಲೇ ಜೈಲಿಗೆ.

"ರಕ್ತ ಇದೆ ಅಂತ ಫಿಲ್ಮ್ ಹೇಳ್ತಿದೆ ಕಣ್ರೀ. ಯಾಕಿದೆ ಅಂತ ಇನ್ನೂ ಹೇಳಿಲ್ಲ."

ಮೇಡಂ ಎದ್ದು ಮಗುವಿನ ಹತ್ತಿರ ಹೋದರು. ಬೆಳಿಗ್ಗೆ ವಾರ್ಡಿನಲ್ಲಿ ಡ್ರಿಪ್ಪಿಗೆಂದು ಸೂಜಿ ಚುಚ್ಚಿದ ಜಾಗದ ಹತ್ತಿ ಇನ್ನೂ ಕೆಂಪಗೆ ಒದ್ದೆಯಾಗಿತ್ತು. ಹೆರಿಗೆ ಎಲ್ಲಾಯಿತೆಂದು ತಂದೆಯನ್ನು ಕೇಳಿದರು.

"ಶೆಡ್‌ನಾಗರೀ."

"ಹುಟ್ಟಿದ್ಮೇಲೆ ಸೂಜಿ ಹಾಕ್ಸಿದ್ರೇನಪ್ಪಾ?"

"ಇಲ್ರೀ."

ಎಕ್ಸ್‌ರೇಯಲ್ಲಿ ಒಂದು ಮೂಳೆಯೂ ಮುರಿದಿರಲಿಲ್ಲ. ಮೇಡಂ ರಕ್ತ ಪರೀಕ್ಷೆ ಮಾಡಿಸಿದರು. ಮಗುವಿನ ರಕ್ತ ಹೆಪ್ಪುಗಟ್ಟುತ್ತಲೇ ಇರಲಿಲ್ಲ. ರಕ್ತ ಹೆಪ್ಪುಗಟ್ಟಲೆಂದು ಹುಟ್ಟಿದ ಕೂಡಲೇ ಸೂಜಿಯಲ್ಲಿ ಕೊಡುವ ವಿಟಮಿನ್ ಕೆ ಸಿಕ್ಕಿರಲಿಲ್ಲ, ಅದಕ್ಕೇ ತಲೆಯೊಳಗೆ ರಕ್ತ ತಾನಾಗಿ ಸೋರಿತ್ತು. ಮಕ್ಕಳ ಡಾಕ್ಟರು ಕೂಡಲೇ ಇಂಜೆಕ್ಷನ್ ಕೊಟ್ಟರು. ಸೋರುವುದು ನಿಂತಿತು. ಇನ್ಸ್‌ಪೆಕ್ಟರು ಟೋಪಿ ಎತ್ತಿಕೊಂಡು ಹೊರಟರು. ತಂದೆ ಮಗುವಿನ ಹಾಸಿಗೆಯ ಪಕ್ಕದಲ್ಲೇ ಉಳಿದ. ನನಗೆ ಅವತ್ತಿನಷ್ಟು ಸಂತೋಷ ಆ ಕೆಲಸದಲ್ಲಿ ಇನ್ನೆಂದೂ ಆಗಿಲ್ಲ.

ಕೆಲವು ವರ್ಷಗಳ ಮೇಲೆ, ಮೇಡಂ ನಿವೃತ್ತಿಯಾಗಿ ದಾವಣಗೆರೆಗೆ ಹೊರಟ ದಿನ ಸೆಂಟರಿನಲ್ಲಿ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಆ ತಂದೆಗೆ ನಾನೇ ಹೇಳಿಕಳಿಸಿದ್ದೆ. ಪುಟ್ಟ ಹುಡುಗಿಯ ಕೈ ಹಿಡಿದು ಬಂದ. ಮೇಡಂಗೆ ಗುರುತು ಸಿಗಲಿಲ್ಲ. ಯಾವ ಮಗುವೆಂದು ನಾನು ನೆನಪಿಸಿದೆ. ಅವರು ಸೀರೆ ಸರಿಮಾಡಿಕೊಂಡು ನೆಲದ ಮೇಲೇ ಕೂತರು, ಹುಡುಗಿಯ ನೆತ್ತಿ ಸವರಿದರು.

"ನಿನ್ ಹೆಸರೇನವ್ವಾ?"

"ಶಿವಲೀಲಾ" ಎಂದಳು ಹುಡುಗಿ, ಮಂಡಕ್ಕಿ ಜಗಿಯುತ್ತಲೇ.

ಅಷ್ಟು ವರ್ಷಗಳಲ್ಲಿ ಅವರು ಒಂದು ಮಗುವಿನ ಹೆಸರು ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.