ತೊಳೆಯದ ಕೂಸು

ನನ್ನ ತಂಗಿ ಎಳೆಗೂಸಿಗೆ ಉಸಿರು ಊದುವುದನ್ನು ರೂಢಿ ಮಾಡಿಕೊಂಡದ್ದು ಬೆಟಗೇರಿಯ ನಮ್ಮ ಮನೆಯ ಅಡಿಗೆಮನೆಯಲ್ಲಿ, ದೀಪದ ಎದುರು ಕೂತು.

ಎಪ್ಪತ್ತರ ದಶಕದ ಕೊನೆಯ ಮಾತು. ಆಕೆ ಗದಗಿನಲ್ಲಿ ನರ್ಸ್ ತರಬೇತಿಗೆ ಸೇರಿದ್ದಳು. ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸುವ, ಚುಚ್ಚುಮದ್ದು ಹಾಕುವ ನರ್ಸಮ್ಮನ ಕೆಲಸಕ್ಕೆ ಬೇಕಾದ ತರಬೇತಿ ಅದು. ಅಕ್ಕನಾದ ನಾನು ಬಿ.ಎಸ್ಸಿ. ಮುಗಿಸಿ ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸೂಟಿಗೆ ಮನೆಗೆ ಬರುತ್ತಿದ್ದೆ. ತರಬೇತಿಯಲ್ಲಿ ಅರಳೆ ತುಂಬಿದ ಬಟ್ಟೆಯ ಬೊಂಬೆಯೊಂದಿತ್ತಂತೆ. ಹುಟ್ಟಿದ ಕೂಸಿಗೆ ಉಸಿರಿಲ್ಲದಾಗ ಮಾಡುವಂತೆ, ಅದರ ಬಾಯಿಗೂ ಮೂಗಿಗೂ ಒಟ್ಟಿಗೇ ಬಾಯಿ ಇಟ್ಟು ಊದಬೇಕು. ಎದೆಯ ಉಸಿರಲ್ಲ, ಉಬ್ಬಿದ ಗಲ್ಲದಲ್ಲಿ ಹಿಡಿಯುವಷ್ಟೇ ಗಾಳಿ. ಹೆಚ್ಚಾದರೆ ಕೂಸಿನ ಪುಪ್ಪುಸಕ್ಕೆ ಪೆಟ್ಟು. ಅರಳೆಯ ಬೊಂಬೆಗೆ ಎಷ್ಟು ಊದಿದರೂ ಗೊತ್ತಾಗುವುದಿಲ್ಲವೆಂದು ತಂಗಿ ತಾನೇ ಒಂದು ಉಪಾಯ ಹುಡುಕಿದ್ದಳು: ದೀಪದ ಕುಡಿ ಬಾಗಬೇಕು, ಆರಬಾರದು.

ನಮ್ಮದು ಗುಡಿಯ ಪೂಜೆಯ ಮನೆ. ದೀಪಕ್ಕೆ ಬಾಯಿಂದ ಊದುವುದೆಂದರೆ ಅವ್ವನಿಗೆ ಮೈಮೇಲೆ ಕಾದ ನೀರು ಸುರಿದಂತೆ.

"ಏ ಹುಡುಗಿ, ದೀಪಕ್ಕ ಎಂಜಲ ಗಾಳಿ ಬಿಡಬ್ಯಾಡ. ಮನಿತನ ಆರಿಹೋಗ್ತದ."

"ಆರಸ್ತಿಲ್ಲವ್ವಾ, ಬರೇ ಬಗ್ಗಸ್ತೀನಿ."

"ದೀಪಾ ಬಗ್ಗಸೋದೂ ಒಂದು ವಿದ್ಯಾನ? ಇಂಥಾ ಸಾಲಿ ನಾ ಎಲ್ಲೂ ಕೇಳಿಲ್ಲ."

ಒಂದು ಸಂಜೆ ಅಪ್ಪ ಔಷಧದ ಖಾಲಿ ಬಾಟಲಿಗೆ ಬತ್ತಿ ಹಾಕಿ, ಎಣ್ಣೆ ತುಂಬಿ ಆಕೆಯ ಮುಂದೆ ಇಟ್ಟು, "ಇದು ದೇವರ ದೀಪ ಅಲ್ಲ, ಊದು" ಎಂದು ಹೋದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇರಲಿಲ್ಲ.

ಹತ್ತಿ ಬಿಡಿಸುವ ಕಾಲದಲ್ಲಿ ಆಕೆಗೆ ಹತ್ತಿರದ ಹಳ್ಳಿ ಅಂತೂರ ಬೆಂತೂರಿನಲ್ಲಿ ಮನೆ ಭೇಟಿಯ ಸರದಿ ಬಂತು. ಜೋಡಿಯಾಗಿ ಹೋಗಬೇಕಾಗಿದ್ದ ಹುಡುಗಿ ಜ್ವರ ಬಂದು ಶಿರಹಟ್ಟಿಗೆ ಹೋಗಿದ್ದಳು. ನಾನು ಸೂಟಿಯಲ್ಲಿದ್ದೆ, ಜೊತೆಗೆ ಹೋದೆ. ಕಲಿಸುವ ನರ್ಸಮ್ಮ ಸಂಜೆಯ ಬಸ್ಸಿಗೆ ಬರುವವರಿದ್ದರು. ತಂಗಿಯ ಕೈಯಲ್ಲಿ ಹೆರಿಗೆಯ ಚೀಲ, ನನ್ನ ಕೈಯಲ್ಲಿ ಬುತ್ತಿ.

ಊರ ಬಾಯಿಯಲ್ಲೇ ಒಬ್ಬ ಮುದುಕ ನಮ್ಮನ್ನು ತಡೆದ. "ನರ್ಸಬಾಯಾರ ಏನ್ರಿ? ಜಲ್ದಿ ಬರ್ರಿ. ನಮ್ಮ ಸೊಸಿ ಮುಂಜಾನಿಂದ ಬ್ಯಾನಿ ತಿನ್ನಾಕತ್ತಾಳ."

ಆತನ ಹೆಂಡತಿಯೇ ಒಳಗೆ ಹೆರಿಗೆ ಮಾಡಿಸುತ್ತ ಕೂತಿದ್ದಳು. ಆ ಓಣಿಯ ಬಹಳ ಮಕ್ಕಳು ಆಕೆಯ ಕೈಯಲ್ಲಿ ಹುಟ್ಟಿದ್ದವಂತೆ. ಗಾಳಿ ಸೋಕಬಾರದೆಂದು ಕಿಟಕಿಗೆ ಚೀಲ ತುರುಕಿದ್ದರಿಂದ ಮಧ್ಯಾಹ್ನದಲ್ಲೂ ಕೋಣೆ ಕತ್ತಲಾಗಿತ್ತು. ನಾನು ಚೀಲದಲ್ಲಿದ್ದ ಬ್ಯಾಟರಿ ದೀಪ ಹಿಡಿದು ನಿಂತೆ. ತಂಗಿ ಒಲೆಯ ಮೇಲೆ ಬ್ಲೇಡು, ದಾರ ಕುದಿಸಿದಳು. ಅಜ್ಜಿ ನಮ್ಮ ಮುಖ ನೋಡಿ, ಯಾರ ಮಕ್ಕಳೆಂದು ಕೇಳಿದಳು. ಹೇಳಿದ ಕೂಡಲೇ ಸೆರಗು ತಲೆಯ ಮೇಲೆ ಎಳೆದುಕೊಂಡು, "ನಿಮ್ಮ ಅಪ್ಪಾರ ನಮ್ಮ ಮನಿ ಮದವಿಗೆ ಮುಹೂರ್ತ ತಗದು ಕೊಟ್ಟಾರ್ರಿ. ನೀವು ಇಂಥಾ ಮೈಲಿಗ್ಯಾಗ ಬರೂದಂದ್ರ ಏನ್ರಿ?" ಎಂದಳು. ತಂಗಿ ನಗುತ್ತ ಕೈ ತೊಳೆಯುತ್ತಿದ್ದಳು.

ಕೂಸು ಹುಟ್ಟಿತು. ಅಳಲಿಲ್ಲ.

ತಂಗಿ ಹೊಕ್ಕಳ ಬಳ್ಳಿ ಕಟ್ಟಿ ಕೊಯ್ದು, ಬಟ್ಟೆಯಿಂದ ಅದರ ಬಾಯಿ ಮೂಗು ಒರೆಸಿ, ಬೆನ್ನು ತಿಕ್ಕಿದಳು. ಬ್ಯಾಟರಿಯ ಬೆಳಕಿನಲ್ಲಿ ಅದರ ಮೈ ಬದನೆಕಾಯಿಯ ಬಣ್ಣಕ್ಕಿತ್ತು. ಕೈಕಾಲು ಒದ್ದೆ ಅರಿವೆಯಂತೆ ಜೋತಿದ್ದವು. ತಂಗಿ ಬಾಯಿ ಇಡಲು ಬಗ್ಗಿದಳು. ಅಷ್ಟರಲ್ಲಿ ಅಜ್ಜಿ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡುಬಿಟ್ಟಳು.

"ತಡೀರಿ ಬಾಯಾರ. ಮೈತುಂಬ ರಕ್ತ ಮೆತ್ತೈತಿ. ಎರದು ಕೊಡತೇನಿ."

"ಅಜ್ಜಿ, ಎರಿಯೂದು ಆಮ್ಯಾಲೆ. ಕೂಸಿಗೆ ಉಸುರಿಲ್ಲ."

"ಎರಡ ತಂಬಿಗಿ ನೀರು, ಅಷ್ಟರಿ. ಹೊಲಸಿನ ಕೂಸಿಗೆ ನಿಮ್ಮಂಥಾರು ಬಾಯಿ ಹಚ್ಚಿದರ ಆ ಪಾಪಾ ನಮ್ಮ ಮನಿತನಕ್ಕ ತಟ್ಟತೈತಿ."

ಆಕೆಯಲ್ಲಿ ಹಟವಿರಲಿಲ್ಲ, ಅಸಡ್ಡೆಯೂ ಇರಲಿಲ್ಲ. ಇದ್ದದ್ದು ನಮ್ಮ ಮೇಲಿನ, ನಮ್ಮಪ್ಪನ ಮೇಲಿನ ಗೌರವ. ಸ್ವಂತ ಮೊಮ್ಮಗ ಕೈಯಲ್ಲಿ ತಣ್ಣಗಾಗುತ್ತಿರುವಾಗ, ಗುಡಿಯ ಮನೆಯ ಹುಡುಗಿಗೆ ತೊಳೆಯದ ಕೂಸನ್ನು ಕೊಡಬಾರದೆಂದು ಆಕೆ ಬಿಸಿನೀರಿನ ಹಂಡೆಯ ಕಡೆ ಹೊರಟಿದ್ದಳು. ನಾನು ಗೋಡೆಗೆ ಒರಗಿದ್ದೆ. ಉಸಿರಾಟದ ಪಾಠವನ್ನು ಹಲಗೆಯ ಮೇಲೆ ಚಿತ್ರ ಬಿಡಿಸಿ ಕಲಿಸುವವಳು ನಾನು. ನನಗೇ ಉಸಿರು ಸಿಗುತ್ತಿರಲಿಲ್ಲ.

ತಂಗಿ ಎದ್ದು ಹಂಡೆಗೆ ಅಡ್ಡ ನಿಂತಳು. ಆಕೆಯ ಧ್ವನಿ ಏರಲಿಲ್ಲ.

"ಅಜ್ಜಿ, ಅದಕ್ಕ ಇನ್ನೂ ಉಸುರ ಬಂದಿಲ್ಲ. ಉಸುರಿಗಿಂತ ಮೊದಲ ಮೈಲಿಗಿ ಎಲ್ಲಿಂದ ಬಂತು?"

ಅಜ್ಜಿ ಆಕೆಯನ್ನೇ ನೋಡಿದಳು. ಕೈ ಸಡಿಲಿಸಲಿಲ್ಲ. ಆಗ ನೆಲದ ಮೇಲಿಂದ, ಹೆತ್ತವಳ ದನಿ ಬಂತು. ಅಲ್ಲಿಯವರೆಗೆ ಆ ಹುಡುಗಿ ನರಳಿದ್ದು ಬಿಟ್ಟರೆ ಒಂದು ಮಾತೂ ಆಡಿರಲಿಲ್ಲ.

"ಅತ್ತಿ, ಕೊಡ್ರಿ. ಪಾಪ ನನಗಿರಲಿ."

ಅಜ್ಜಿಯ ತೋಳು ಇಳಿದವು.

ತಂಗಿ ಕೂಸನ್ನು ಗೋಣಿತಟ್ಟಿನ ಮೇಲಿನ ಮಡಿಚಿದ ಬಟ್ಟೆಯಲ್ಲಿ ಮಲಗಿಸಿ, ಗದ್ದ ತುಸು ಎತ್ತಿ, ಬಾಯಿ ಇಟ್ಟಳು. ಆಕೆಯ ಗಲ್ಲ ಉಬ್ಬಿ ಇಳಿಯಿತು. ಕೂಸಿನ ಎದೆ ಸಣ್ಣಗೆ ಎದ್ದು ಕೂತಿತು. ಮತ್ತೆ ಉಬ್ಬಿತು, ಮತ್ತೆ ಎದ್ದಿತು. ಅವಸರವಿರಲಿಲ್ಲ. ನನ್ನ ಕೈಯ ಬೆಳಕು ಮಾತ್ರ ಗೋಡೆ, ಸೂರು ಎಲ್ಲ ಕಡೆ ಓಡಾಡುತ್ತಿತ್ತು. "ಅಕ್ಕಾ, ಇಲ್ಲಿ ಹಿಡಿ," ಎಂದಳು ಉಸಿರಿನ ನಡುವೆ. ಹಿಡಿದೆ.

ಕೂಸು ಮೊದಲು ಬಿಕ್ಕಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸದ್ದು. ಆಮೇಲೆ ಅತ್ತಿತು, ಸಿಟ್ಟಿನಿಂದ, ಮೈಯೆಲ್ಲ ಕೆಂಪಾಗಿ.

ಇವತ್ತಿಗೂ ಆ ಕೋಣೆ ನನ್ನ ಕಣ್ಣ ಮುಂದೆ ಬರುತ್ತದೆ. ಬಂದಾಗಲೆಲ್ಲ ಅಜ್ಜಿ ಕೂಸನ್ನು ಬಿಡುವುದಿಲ್ಲ. ಹಂಡೆಗೆ ತಂಬಿಗೆ ಅದ್ದುವ ಸಪ್ಪಳ ಕೇಳುತ್ತದೆ. ನಾನು ಗೋಡೆಗೆ ಒರಗಿಯೇ ಇರುತ್ತೇನೆ. ಅದು ಹಾಗೆ ಆಗಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ. ಮರುಗಳಿಗೆಗೆ ತುಟಿಯ ಮೇಲೆ ರಕ್ತದ ಕಲೆ ಇದ್ದ ತಂಗಿಯ ಮುಖ ಕಾಣುತ್ತದೆ. ನಮ್ಮ ಮನೆತನದಲ್ಲಿ ವೇದ ಓದಿದವರಿದ್ದರು, ಪಂಚಾಂಗ ಬಲ್ಲವರಿದ್ದರು, ನನ್ನಂಥ ಪದವೀಧರರೂ ಆದರು. ತಂಗಿಯಷ್ಟು ಚೆನ್ನಾಗಿ ಕಲಿತವರನ್ನು ನಾನು ಅಲ್ಲಿ ಬೇರೆ ಕಂಡಿಲ್ಲ. ಹೀಗೆ ಹೇಳಲು ನನಗೆ ಸಂಕೋಚವೇ ಇಲ್ಲ.

ಕೂಸಿನ ಹಿಂದೆ ಬರುವ ಮಾಸೂ ಬಿದ್ದಿತು. ತಂಗಿ ಬಾಣಂತಿಯ ಹೊಟ್ಟೆ ಒತ್ತಿ ನೋಡಿದಳು. ರಕ್ತ ಹೆಚ್ಚು ಹೋಗುತ್ತಿರಲಿಲ್ಲ. ಕೂಸನ್ನು ಒಣ ಬಟ್ಟೆಯಲ್ಲಿ ಸುತ್ತಿ ತಾಯಿಯ ಎದೆಗೆ ಹಚ್ಚಿದಳು. ಅಜ್ಜಿ ತಂಬಿಗೆ ನೀರು ತಂದು ಕೊಟ್ಟಳು. ತಂಗಿ ಹಿತ್ತಿಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, ಇನ್ನೇನು ಹೊರಡಬಹುದೆಂದು ನಾನು ಚಪ್ಪಲಿ ಹುಡುಕುತ್ತಿರುವಾಗ, ಆರಾಮಾಗಿ ಕೂತಳು.

"ಅಜ್ಜಿ, ನೀವೂ ಇಲ್ಲಿ ಕುಂಡ್ರಿ. ಮುಂದಿನ ಸಲ ನಾ ಇರೂದಿಲ್ಲ. ನೀವ ಊದಬೇಕು."

"ಈ ಬೊಚ್ಚ ಬಾಯಿಲೇ ಏನ್ರಿ?"

"ಹಲ್ಲು ಬೇಕಾಗಿಲ್ಲ, ಗಲ್ಲಾ ಸಾಕು. ನಮ್ಮಕ್ಕನ ಅಂಗೈ ಮ್ಯಾಲೆ ಊದಿ ತೋರಸ್ರಿ."

ಅಜ್ಜಿ ಹಿಂದೆ ಸರಿದಳು. "ಬಾಯಾರ ಕೈಗೆ ನನ್ನ ಎಂಜಲ ಉಸುರೇನ್ರಿ? ಬ್ಯಾಡ್ರಿ."

ನಾನು ಕೈ ಚಾಚಿದೆ. ಅದು ಇನ್ನೂ ನಡುಗುತ್ತಿತ್ತು. ಅಜ್ಜಿ ನೋಡಿದಳು, ಸುಮ್ಮನೆ ಅದನ್ನು ತನ್ನ ಒರಟು ಕೈಯಲ್ಲಿ ಹಿಡಿದುಕೊಂಡಳು. "ಯಾಕ ನಡಗತೀರಿ? ಕೂಸು ಮಲಿ ಕುಡ್ಯಾಕತ್ತೈತಿ ನೋಡ್ರಿ."

ಗಲ್ಲ ಉಬ್ಬಿಸಿ ಊದಿದಳು. ಬಿಸಿ ಗಾಳಿ, ಎಲೆ ಅಡಿಕೆಯ ವಾಸನೆ.

"ಜೋರಾತು," ಎಂದಳು ತಂಗಿ. "ಇಷ್ಟು ಜೋರ ಕೂಸಿಗೆ ತಡಿಯೂದಿಲ್ಲ. ಇನ್ನೊಮ್ಮೆ ಊದ್ರಿ."

ಅಜ್ಜಿ ನನ್ನ ಕೈ ಬಿಡಲಿಲ್ಲ. ಇನ್ನೊಮ್ಮೆ ಊದಿದಳು.