ಬಾಗಿಲ ಹಿಂದಿನ ಉತ್ತರ

ನಮ್ಮಪ್ಪ ನನ್ನನ್ನು ಓದಿಸಿದ ಎಂದು ಹೊಗಳುವವರು ದಾವಣಗೆರೆಯ ಹಳೇಪೇಟೆಯಲ್ಲಿ ಈಗಲೂ ಇದ್ದಾರೆ. "ಆ ಕಾಲದಾಗೆ ಹೆಣ್ಣುಮಗಳನ್ನ ಮನೇಲಿ ಕೂರಿಸ್ಕಂಡು ಪಾಠ ಹೇಳಿದ ಪುಣ್ಯಾತ್ಮ" ಎನ್ನುತ್ತಾರೆ. ಹೇಳಿಕೊಳ್ಳಲಿ. ಹೊಗಳುವವರ ಬಾಯಿಗೆ ನಾನೇಕೆ ಅಡ್ಡ ಬರಲಿ? ಆದರೆ ಆ ಪುಣ್ಯದಲ್ಲಿ ನನ್ನ ಪಾಲಿಗೆ ಬಂದದ್ದೇನು ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಅಪ್ಪನದು ಹರಿಹರದ ಕಡೆಯ ಕಡರನಾಯಕನಹಳ್ಳಿ. ಅಣ್ಣತಮ್ಮಂದಿರೆಲ್ಲ ನೇಗಿಲು ಹಿಡಿದರೆ ಇವನೊಬ್ಬ ಸೀಮೆಸುಣ್ಣ ಹಿಡಿದ. ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾದ. ಹತ್ತಿಗಿರಣಿಯ ಕೂಗು ಕೇಳಿದರೆ ಊರವರು ಹೊತ್ತು ಎಷ್ಟಾಯಿತು ಎಂದು ತಿಳಿಯುತ್ತಿದ್ದರು. ನಮ್ಮ ಬೀದಿಯವರು ಮಾತ್ರ ಅಪ್ಪ ಛತ್ರಿ ಹಿಡಿದು ಹೊರಬಿದ್ದದ್ದನ್ನು ನೋಡಿ ತಿಳಿಯುತ್ತಿದ್ದರು, ಅಷ್ಟು ಕಟ್ಟುನಿಟ್ಟು. ನಾನು ಅವನಿಗೆ ಒಬ್ಬಳೇ ಮಗಳು.

ಶಾಲೆ ಎಂದರೆ ನನಗೆ ಪ್ರಾಣವಾಗಿತ್ತು. ಮಿಡ್ಲ್ ಸ್ಕೂಲಿನಲ್ಲಿ ನಮಗೆ ಲೆಕ್ಕ ಕಲಿಸುವ ಅಕ್ಕೋರೊಬ್ಬರು ಇದ್ದರು. ಒಂದು ದಿನ ತರಗತಿಯನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ, ಹುಣಸೆಮರದ ನೆರಳು ಅಳೆಸಿ, ಪಕ್ಕದಲ್ಲೊಂದು ಕೋಲು ನೆಟ್ಟು ಅದರ ನೆರಳನ್ನೂ ಅಳೆಸಿ, ಮರ ಹತ್ತದೆಯೇ ಮರ ಎಷ್ಟು ಎತ್ತರ ಎಂದು ನಮ್ಮ ಬಾಯಿಂದಲೇ ಹೇಳಿಸಿದರು. ಉತ್ತರ ಬಂದಾಗ ನನ್ನ ಮೈ ಜುಮ್ಮೆಂದಿತು. ಮನೆಗೆ ಓಡಿಬಂದು ಅಪ್ಪನಿಗೆ ಹೇಳಿದೆ. ಅಪ್ಪ ಚಹದ ಬಟ್ಟಲು ಅಲ್ಲೇ ಇಟ್ಟು, "ನಡಿ ಮತ್ತೆ, ನಮ್ಮ ಬೀದಿ ಲೈಟಿನ ಕಂಬ ಎಷ್ಟೈತೆ ನೋಡಾನ" ಎಂದು ಎದ್ದೇಬಿಟ್ಟ. ನಡುಬೀದಿಯಲ್ಲಿ ಅಪ್ಪ, ಮಗಳು ಬಗ್ಗಿ ನೆರಳು ಅಳೆಯುತ್ತಿದ್ದರೆ ಎದುರುಮನೆಯವರು ನಾವೇನೋ ಕಳೆದುಕೊಂಡಿದ್ದೇವೆಂದು ತಿಳಿದು ತಾವೂ ಬಂದು ಹುಡುಕತೊಡಗಿದರು. ಅಪ್ಪ ಅಂದು ನಕ್ಕ ಹಾಗೆ ಮುಂದೆ ನಕ್ಕದ್ದನ್ನು ನಾನು ಕಾಣೆ.

ಮರುವರ್ಷ ನಾನು ದೊಡ್ಡವಳಾದೆ. ಹಳ್ಳಿಯಿಂದ ದೊಡ್ಡಪ್ಪ, ಅತ್ತೆಯಂದಿರು ಗಾಡಿ ಕಟ್ಟಿಕೊಂಡು ಬಂದರು. ಹಸೆಯ ಮೇಲೆ ಕೂರಿಸಿದರು, ಆರತಿ ಎತ್ತಿದರು, ಚಿಗಳಿ ಉಂಡೆ, ಕೊಬ್ಬರಿ ಬೆಲ್ಲ ತಿನ್ನಿಸಿದರು. ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತ, "ಇನ್ನು ಸಾಲಿ ಸಾಕು" ಎಂದ. ಅಷ್ಟೇ ಮಾತು. ತರಗತಿಯಲ್ಲಿ ಹುಲಿಯಂತಿದ್ದ ಅಪ್ಪ ಅಣ್ಣನ ಮುಂದೆ ತಲೆ ತಗ್ಗಿಸಿಕೊಂಡು ಕೂತಿದ್ದ. ಆಮೇಲೆ ಮೆಲ್ಲಗೆ ಹೇಳಿದ: "ಹೊರಗೆ ಕಳ್ಸಲ್ಲ ಬಿಡಣ್ಣ. ನಾನೇ ಮನೇಲಿ ಓದಿಸ್ತೀನಿ. ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕೂರಿಸಿದ್ರಾತು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದೊಡ್ಡಪ್ಪನ ಮಾತೂ ಉಳಿಯಿತು, ಅಪ್ಪನ ಆಸೆಯೂ ಉಳಿಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೂಂ ಎನ್ನುತ್ತಿದ್ದೆನೇನೋ. ಊರ ಹುಡುಗರೆಲ್ಲ ಹೆದರುವ ಮೇಷ್ಟ್ರು ಇನ್ನು ನನ್ನೊಬ್ಬಳಿಗೇ ಮೇಷ್ಟ್ರು ಎಂದು ಒಳಗೊಳಗೇ ಹಿಗ್ಗಿದ್ದೆ. ಖಾಸಗಿಯಾಗಿ ಪರೀಕ್ಷೆಗೆ ಕೂತು ಪಾಸಾದರೆ ನಾನೂ ಅಕ್ಕೋರಾಗಬಹುದು ಎಂಬ ಆಸೆ ಬೇರೆ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಹೇಳಿಕೊಡುತ್ತಿದ್ದ. ನಾನು ಸುಮ್ಮನೆ ಕೇಳುವವಳಲ್ಲ. ಸೊನ್ನೆಯಿಂದ ಯಾಕೆ ಭಾಗಿಸಬಾರದು, ಋಣದಿಂದ ಋಣ ಗುಣಿಸಿದರೆ ಧನ ಯಾಕಾಗಬೇಕು ಎಂದೆಲ್ಲ ಪೀಡಿಸುತ್ತಿದ್ದೆ. ಅವನೂ ಹೊತ್ತಿನ ಪರಿವೆ ಇಲ್ಲದೆ ಹೇಳುತ್ತಿದ್ದ.

ಸಂಜೆ ಅಪ್ಪನ ಹತ್ತಿರ ಮನೆಪಾಠಕ್ಕೆ ಗಂಡುಹುಡುಗರು ಬರುತ್ತಿದ್ದರು. ಅವರು ಪಡಸಾಲೆಯಲ್ಲಿ, ನಾನು ಒಳಕೋಣೆಯಲ್ಲಿ. ದೊಡ್ಡವಳಾದ ಹುಡುಗಿ ಕಣ್ಣಿಗೆ ಬೀಳಬಾರದೆಂದು ನಡುವಿನ ಬಾಗಿಲನ್ನು ಅರ್ಧ ಮುಂದೆ ಮಾಡಿರುತ್ತಿದ್ದರು. ಕಣ್ಣಿಗೆ ಬೀಳಬಾರದು, ಕಿವಿಗೆ ಬಿದ್ದರೆ ಅಡ್ಡಿಯಿಲ್ಲ! ಒಂದು ಸಂಜೆ ಎಂಟು ಆಳು ಹತ್ತು ದಿನ ಮಾಡುವ ಕೆಲಸವನ್ನು ಐದು ಆಳು ಎಷ್ಟು ದಿನ ಮಾಡುತ್ತಾರೆ ಎಂದು ಅಪ್ಪ ಕೇಳಿದ. ಯಾರಿಗೂ ಬರಲಿಲ್ಲ. ತಡೆಯಲಾರದೆ ನಾನು ಬಾಗಿಲ ಹಿಂದಿನಿಂದ "ಹದಿನಾರು" ಎಂದುಬಿಟ್ಟೆ.

ಪಡಸಾಲೆಯಿಂದ ಅಪ್ಪನ ದನಿ ಕೇಳಿತು. "ಕೇಳಿಸ್ತೇನ್ರೋ? ಒಲೆ ಮುಂದೆ ಕೂರೋ ಹುಡುಗಿಗೆ ಬರ್ತದೆ, ನಿಮಗೆ ಬರಲ್ಲ. ಹಿಡಿ ಕೈ!" ಬೆತ್ತದ ಏಟು ಸರದಿಯಂತೆ ಬಿತ್ತು.

ಅಂದಿನಿಂದ ಅದೇ ಪದ್ಧತಿಯಾಯಿತು. ಹುಡುಗರು ತಡವರಿಸಿದರೆ ಸಾಕು, ಅಪ್ಪ ಬಾಗಿಲ ಕಡೆ ತಿರುಗಿ "ಹೇಳವ್ವ" ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಬೆತ್ತ ಏಳುತ್ತಿತ್ತು. ಮೊದಮೊದಲು ನನಗೂ ಹೆಮ್ಮೆಯೇ. ಬರಬರುತ್ತ ಬೆಳಗಿನ ಪಾಠದ ಬಣ್ಣವೇ ಬದಲಾಯಿತು. ಸಂಜೆ ಹುಡುಗರಿಗೆ ಏನು ಕೇಳುವುದಿತ್ತೋ ಅದನ್ನೇ ಬೆಳಿಗ್ಗೆ ನನ್ನಿಂದ ತಿರುಗಿಸಿ ತಿರುಗಿಸಿ ಮಾಡಿಸುವುದು, ಪೆನ್ಸಿಲ್ ಮುಟ್ಟದೆ ಬಾಯಲ್ಲೇ ಹೇಳಿಸುವುದು, ಅವನು ಕೇಳಿ ಮುಗಿಸುವಷ್ಟರಲ್ಲಿ ನನ್ನ ಉತ್ತರ ಬಂದಿರಬೇಕು ಎನ್ನುವುದು. ಹಿಂದಿನಂತೆ ಏನಾದರೂ ಕೇಳಹೋದರೆ, "ಯಾಕೆ ಅನ್ನೋದು ಆಮ್ಯಾಕೆ, ಮೊದ್ಲು ಎಷ್ಟು ಅಂತ ಹೇಳು" ಎಂದು ಗದರುತ್ತಿದ್ದ. ಆ ಆಮ್ಯಾಕೆ ಬರಲೇ ಇಲ್ಲ.

ಅವ್ವ ಓದಿದವಳಲ್ಲ. ಮನೆಪಾಠದ ಹುಡುಗರಿಗೆ ಮಂಡಕ್ಕಿಗೆ ಒಗ್ಗರಣೆ ಹಾಕಿ ಕೊಡುವುದಷ್ಟೇ ತನ್ನ ಕೆಲಸ ಎಂದುಕೊಂಡಿದ್ದವಳು. ಅವಳೇ ಒಂದು ದಿನ ಅಪ್ಪನಿಗೆ ಅಂದಳು: "ಅಲ್ರಿ, ಇದೇನು ಹುಡುಗೀನ ಓದ್ಸದೋ, ಗಾಣಕ್ಕೆ ಕಟ್ಟದೋ?"

"ನಿನಗೇನು ತಿಳೀತದೆ, ಸುಮ್ಕಿರು" ಎಂದ ಅಪ್ಪ. ತಿಳಿದದ್ದು ಅವಳೊಬ್ಬಳಿಗೇ.

ಹುಡುಗರು ನನ್ನ ಮುಖ ನೋಡದೆಯೇ ನನ್ನನ್ನು ದ್ವೇಷಿಸಿದರು. ಅವ್ವನ ಜೊತೆ ಗುಡಿಗೆ ಹೊರಟರೆ ಹಿಂದಿನಿಂದ "ಮೇಷ್ಟ್ರ ಗಿಳಿ, ಮೇಷ್ಟ್ರ ಗಿಳಿ" ಎಂದು ಕೂಗುತ್ತಿದ್ದರು. ತಪ್ಪೇನು ಅಂದರು? ನಾನು ಕಲಿತ ವಿದ್ಯೆ ಅವರ ಅಂಗೈಯ ಮೇಲೆ ಬಾಸುಂಡೆಯಾಗಿ ಏಳುತ್ತಿತ್ತು. ಬೆತ್ತ ಅಪ್ಪನ ಕೈಯಲ್ಲಿತ್ತು ಎಂಬುದಷ್ಟೇ ವ್ಯತ್ಯಾಸ.

ಒಬ್ಬ ಹುಡುಗ ಕೈ ಮುಂದೆ ಮಾಡುವ ಮೊದಲೇ ಅಳುವವನು. ಅವನ ಬಿಕ್ಕು ಬಾಗಿಲಾಚೆಯಿಂದ ಕೇಳುತ್ತಿತ್ತು. ಒಂದು ಸಂಜೆ ಅವನನ್ನು ನಿಲ್ಲಿಸಿ ಅಪ್ಪ ನನ್ನನ್ನು ಕೇಳಿದಾಗ ನಾನು ಬೇಕೆಂದೇ ತಪ್ಪು ಉತ್ತರ ಹೇಳಿದೆ. ಮಗಳೇ ತಪ್ಪಿದ ಮೇಲೆ ಆ ಹುಡುಗನಿಗೆ ಹೊಡೆಯಲಾರ ಎಂದುಕೊಂಡಿದ್ದೆ. ಎಂಥ ಮಂಕುದಿಣ್ಣೆ ನಾನು! "ನಿಮ್ಮಂಥ ದಡ್ಡರ ದನಿ ಕೇಳಿ ಕೇಳಿ ನನ್ನ ಮಗಳ ತಲೆಯೂ ಕೆಟ್ಟೋತು" ಎಂದು ಅವನಿಗೆ ಎರಡರಷ್ಟು ಬಿಗಿದ. ಹುಡುಗರು ಹೋದ ಮೇಲೆ ಒಳಗೆ ಬಂದು ನನ್ನ ಎದುರು ಕೂತ. ನನಗೊಂದು ಏಟೂ ಹೊಡೆಯಲಿಲ್ಲ. "ನನ್ನ ಮಾನ ಕಳೆದ್ಯಲ್ಲವ್ವ" ಎಂದು ಎದ್ದು ಹೋಗಿ ಊಟ ಮಾಡದೆ ಮಲಗಿದ. ಹೊಡೆದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವನ ಉಪವಾಸ ನನ್ನ ಕೊರಳಿಗೆ ಹಗ್ಗವಾಯಿತು. ಮಾರನೆಯ ಸಂಜೆಯಿಂದ ಮತ್ತೆ ಸರಿಯಾದ ಉತ್ತರಗಳನ್ನೇ ಹೇಳಿದೆ.

ಅಲ್ಲಿಂದಾಚೆಗೆ ಪುಸ್ತಕ ಕಂಡರೆ ನನಗೆ ಆಕಳಿಕೆ, ಆಮೇಲೆ ತಲೆನೋವು. ಅಕ್ಷರ ಕಾಣುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಉತ್ತರಗಳು ಮಾತ್ರ ಬಾಯಿಗೆ ಬರುತ್ತಿದ್ದವು. ಅಪ್ಪನೂ ದಣಿದಿದ್ದ. ಶಾಲೆಯಲ್ಲಿ ಕೂಗಿ, ಮನೆಪಾಠದಲ್ಲಿ ಕೂಗಿ, ಬೆಳಗಾಗುತ್ತಲೇ ನನ್ನ ಮುಂದೆ ಕೂತಾಗ ಅವನ ಕಣ್ಣಲ್ಲೂ ಏನೂ ಇರುತ್ತಿರಲಿಲ್ಲ. ಅದು ನನಗೆ ಬೇಕೆಂದು ಅವನು, ಅವನಿಗೆ ಬೇಕೆಂದು ನಾನು ತಿಳಿದು ಇಬ್ಬರೂ ಬೆಳಬೆಳಿಗ್ಗೆ ಎದ್ದು ಕೂರುತ್ತಿದ್ದೆವು. ನಿಲ್ಲಿಸೋಣ ಎಂದು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಇದನ್ನೆಲ್ಲ ನಾನು ಸಹಿಸಿದ್ದು ಪರೀಕ್ಷೆಗಾಗಿ. ಅರ್ಜಿ ಹಾಕುವ ಕಾಲ ಬಂದಾಗ ಕೇಳಿದೆ. "ಇನ್ನೊಂದು ವರ್ಷ ಆಗ್ಲಿ" ಎಂದ. ಮುಂದಿನ ವರ್ಷವೂ ಅದೇ ಮಾತು. ಮೂರನೆಯ ಸಲ ನಾನು ಬಿಡಲಿಲ್ಲ.

"ಯಾಕ ಬ್ಯಾಡ ಅಂತಿ ಅಪ್ಪಾ? ನಂಗೆ ಎಲ್ಲಾ ಬರ್ತದಲ್ಲ?"

"ಬರ್ತದೆ. ಆದ್ರೆ ಒಂದು ಮಾರ್ಕು ಕಮ್ಮಿ ಬಂತು ಅಂತಿಟ್ಕೋ. ಇಷ್ಟು ವರ್ಷ ಆ ಹುಡುಗರ ಮುಂದೆ ನಿನ್ನ ಹೆಸ್ರು ಹೇಳೀನಿ. ಮೇಷ್ಟ್ರ ಮಗಳೇ ಫೇಲು ಅಂದ್ರೆ ನಾನು ತಲೆ ಎತ್ತಿ ತಿರುಗೋದು ಹೆಂಗೆ?"

ಒಳಗಿದ್ದರೆ ನಾನು ಎಂದೂ ಸೋಲದವಳು, ಹೊರಗೆ ಹೋದರೆ ಸೋಲಬಹುದಾದವಳು. ಆದ್ದರಿಂದ ಒಳಗೇ ಇರಬೇಕು. ಲೆಕ್ಕದ ಮೇಷ್ಟ್ರ ಲೆಕ್ಕ! ನನ್ನ ಉತ್ತರ ಕೇಳಿ ಏಟು ತಿಂದ ಹುಡುಗರೆಲ್ಲ ಒಬ್ಬೊಬ್ಬರಾಗಿ ಪಾಸಾಗಿ, ಪೇಡೆಯ ಪೊಟ್ಟಣ ಹಿಡಿದು ಬಂದು ಅಪ್ಪನ ಕಾಲಿಗೆ ಬಿದ್ದು ಹೋದರು. ಅಳುಬುರುಕ ಹುಡುಗನೂ ಪಾಸಾಗಿದ್ದ. ಅವನು ತಂದ ಪೇಡೆಯನ್ನು ಅವ್ವ ನನ್ನ ಕೈಗಿಟ್ಟಳು. ನಾನು ಅದನ್ನು ಹಿತ್ತಲಿನ ಇರುವೆಗಳಿಗೆ ಹಾಕಿದೆ.

ಆಮೇಲೆ ಮದುವೆ. ಹರಿಹರದಿಂದ ಹೆಣ್ಣು ನೋಡಲು ಬಂದರು. ಗಂಡು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. "ಹುಡುಗಿಗೆ ಹಾಡು ಬರ್ತದೇನ್ರಿ?" ಎಂದು ಅವನ ತಾಯಿ ಕೇಳಿದರೆ ಅಪ್ಪ ಎದೆಯುಬ್ಬಿಸಿ, "ಹಾಡು ಬಿಡ್ರಿ, ಬೇಕಾದ ಲೆಕ್ಕ ಕೇಳ್ರಿ" ಎಂದ. "ಲೆಕ್ಕ ಹಾಕಿದ್ರೆ ರೊಟ್ಟಿ ಉಬ್ತಾವೇನ್ರಿ ಬೀಗರೆ?" ಎಂದಳು ಆ ಮಹಾತಾಯಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ನಕ್ಕಿದ್ದೆ, ಮತ್ತು ಆ ಕ್ಷಣವೇ ಈ ಮನೆ ಆದೀತು ಎಂದು ತೀರ್ಮಾನಿಸಿದೆ. ಅಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ.

ಕೇಳಲಿಲ್ಲ ಕೂಡ. ಹೊಳೆಗೆ ಹೋಗಿ ಬಟ್ಟೆ ಒಗೆದೆ, ರೊಟ್ಟಿ ತಟ್ಟಿದೆ, ಗಂಡನ ಬುತ್ತಿ ಕಟ್ಟಿದೆ. ಅಂಗಡಿ ಸಾಮಾನು ಕಟ್ಟಿಕೊಟ್ಟ ಕಾಗದದಲ್ಲಿ ಏನು ಬರೆದಿದೆ ಎಂದು ತಿರುಗಿಯೂ ನೋಡದೆ ಒಲೆಗೆ ಹಾಕಿದೆ. ಮಗಳು ಹುಟ್ಟಿದಳು. ಅವಳನ್ನು ಸರ್ಕಾರಿ ಶಾಲೆಗೆ ಸೇರಿಸಿದೆ. ಮನೆಗೆ ಬಂದವಳಿಗೆ ಇಂದು ಏನು ಕಲಿತೆ ಎಂದು ಒಂದು ದಿನವೂ ಕೇಳಲಿಲ್ಲ. ಮಣ್ಣು ಮೆತ್ತಿಕೊಂಡು ಬರುತ್ತಿದ್ದಳು, ಕೇಳದಿದ್ದರೂ ತಾನೇ ಎಲ್ಲ ಒದರುತ್ತಿದ್ದಳು. ನನಗೆ ಅಷ್ಟು ಸಾಕಿತ್ತು.

ಅಪ್ಪನಿಗೆ ನಿವೃತ್ತಿಯಾಯಿತು. ಮನೆಪಾಠಕ್ಕೆ ಬರುವ ಹುಡುಗರೂ ಕಡಿಮೆಯಾದರು. ಒಂದು ಭಾನುವಾರ ರೈಲಿಗೆ ಹರಿಹರಕ್ಕೆ ಬಂದ. "ಬರ್ರಿ ಮಾವ, ಕೂಡ್ರಿ" ಎಂದು ನನ್ನ ಗಂಡ ಚಾಪೆ ಹಾಸಿದ. ಅಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹುಣಸೆಬೀಜ ಹರವಿ, ಸಾಲು ಸಾಲಾಗಿ ಜೋಡಿಸಿ ಮಗ್ಗಿ ತೋರಿಸತೊಡಗಿದ. ಮಗು ಕೇಕೆ ಹಾಕಿ ನಗುತ್ತಿತ್ತು. "ಇದ್ಯಾಕ ಹಿಂಗಾತಜ್ಜ, ಅದ್ಯಾಕ ಹಂಗಾತಜ್ಜ" ಎಂದು ಪೀಡಿಸುತ್ತಿತ್ತು. ಅವನೂ ಬೇಸರವಿಲ್ಲದೆ ಹೇಳುತ್ತಿದ್ದ. ಅವನು ಗದರಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಊಟವಾದ ಮೇಲೆ ಮಾತು ತೆಗೆದ. "ಇಲ್ಲಿ ಸಾಲಿ ಏನೂ ಸುಖ ಇಲ್ಲ. ಕೂಸಿನ ತಲೆ ಚುರುಕೈತೆ. ದಾವಣಗೆರೆಗೆ ಕರ್ಕಂಡು ಹೋಗ್ತೀನಿ. ನಾನೇ ಮನೇಲಿ ಕೂರಿಸಿ ಓದಿಸ್ತೀನಿ."

ಗಂಡ ನನ್ನ ಮುಖ ನೋಡಿದ. "ಒಳ್ಳೇದಲ್ಲೇನೇ?"

"ಬ್ಯಾಡ" ಎಂದೆ.

"ಯಾಕ?" ಅಪ್ಪನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಿನಗೆ ಕಲಿಸ್ಲಿಲ್ಲೇನು?" ಅಳಿಯನ ಕಡೆ ತಿರುಗಿದ. "ಇವ್ಳಿಗೆ ಹೆಂಗೆ ಕಲಿಸಿದ್ದೆ ಗೊತ್ತೇನ್ರಿ? ನೋಡ್ರಿ ಬೇಕಾದ್ರೆ. ಒಂದು ತೊಟ್ಟಿ ಐತೆ. ಒಂದು ನಲ್ಲಿ ಮೂರು ತಾಸಿಗೆ ತುಂಬಿಸ್ತದೆ, ಇನ್ನೊಂದು ಆರು ತಾಸಿಗೆ. ಎರಡೂ ಕೂಡೇ ಬಿಟ್ರೆ ಎಷ್ಟು ಹೊತ್ತಿಗೆ ತುಂಬ್ತದೆ? ಹೇಳವ್ವ."

ಮೂವರೂ ನನ್ನನ್ನೇ ನೋಡುತ್ತಿದ್ದರು. ಮಗಳ ಬಾಯಿ ತೆರೆದೇ ಇತ್ತು.

"ನಂಗೆ ಬರಲ್ಲಪ್ಪ" ಎಂದೆ. "ನೀನು ಕಲ್ಸಿದ್ದು ಒಂದೂ ಉಳಿದಿಲ್ಲ. ಎಲ್ಲಾ ಮರ್ತೀನಿ. ಇದನ್ನೇ ಏನು ನನ್ನ ಮಗಳಿಗೂ ಕಲ್ಸದು?"

ಅಪ್ಪ ನೆಲಕ್ಕೆ ಕೈಯೂರಿ ಎದ್ದ. ಮೊದಲ ಸಲ ಅವನನ್ನು ಮುದುಕನಾಗಿ ನೋಡಿದೆ. ನನಗೆ ಕನಿಕರ ಬರಲಿಲ್ಲ. ಸಂತೋಷವೇ ಆಯಿತು, ಮುಚ್ಚಿಡುವುದೇನು? ಅವನ ಜೀವಮಾನದ ಕೆಲಸವನ್ನು ಅವನೆದುರೇ ಒರೆಸಿ ಹಾಕಿದ್ದೆ. ಸುಳ್ಳು ಹೇಳಿ ಒರೆಸಿದ್ದೆ ಎಂಬುದು ನನಗೊಬ್ಬಳಿಗೇ ಗೊತ್ತು ಎಂದುಕೊಂಡೆ. ಚಹಕ್ಕೂ ಕಾಯದೆ ಅಪ್ಪ ಛತ್ರಿ ಎತ್ತಿಕೊಂಡ. ಗಂಡ ಸ್ಟೇಷನ್ನಿನವರೆಗೆ ಬಿಟ್ಟುಬರಲು ಹೋದ, ಮಗಳೂ ಹಿಂದೆ ಓಡಿದಳು.

ನಾನು ರೊಟ್ಟಿಗೆ ಎಸರಿಟ್ಟು ಒಲೆಯ ಮುಂದೆ ಕೂತೆ. ಕೇಳುವವರು ಯಾರೂ ಇರಲಿಲ್ಲ. ಸುಮ್ಮನೆ ನನ್ನ ಖುಷಿಗೆ ಆ ಉತ್ತರವನ್ನು ಒಮ್ಮೆ ಹೇಳಿಕೊಳ್ಳೋಣ ಎನ್ನಿಸಿತು. ಮೂರು ತಾಸು, ಆರು ತಾಸು. ಕೂಡಿಸಬೇಕೋ, ಭಾಗಿಸಬೇಕೋ? ಒಂದು ತಾಸಿಗೆ ಎಷ್ಟು ತುಂಬುತ್ತದೆ ಎಂದು ನೋಡಬೇಕು ಎನ್ನುವಲ್ಲಿಗೆ ಬಂದು ನಿಂತೆ. ಮುಂದೆ ಹೋಗಲಿಲ್ಲ. ಮತ್ತೆ ಮೊದಲಿನಿಂದ ಹಿಡಿದೆ. ಮತ್ತೆ ಅಲ್ಲಿಗೇ ಬಂದು ನಿಂತಿತು. ಎಸರು ಕುದಿದು ಉಕ್ಕಿ ಒಲೆಗೆ ಬಿತ್ತು. ಅಪ್ಪನಿಗೆ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ.